ಕಲಿಸುವುದನ್ನು ಕಲಿಯುವುದು

ಆಚಾರ್ಯನೆಂಬ ಶಬ್ದಕ್ಕೆ ನಿರುಕ್ತಕಾರನಾದ ಯಾಸ್ಕನು ಮೂರು ನಿರ್ವಚನಗಳನ್ನು ಕೊಟ್ಟಿದ್ದಾನೆ. ಶಿಷ್ಯನು ಆಚಾರವನ್ನು ಹಿಡಿಯುವಂತೆ ಮಾಡುವವನು ಎಂಬುದೊಂದು. ಅರ್ಥಗಳನ್ನು ಕಲೆಹಾಕುವವನು ಎಂಬುದು ಮತ್ತೊಂದು. ಬುದ್ಧಿಯನ್ನು ಕೂಡಿಸಿ ಬೆಳೆಯಿಸುವವನು ಎಂಬುದು ಮೂರನೆಯದು. ಮನುಸ್ಮೃತಿಯು ಉಪಾಧ್ಯಾಯನನ್ನು ಆಚಾರ್ಯನಿಂದ ಬೇರೆಮಾಡಿ, ಜೀವನೋಪಾಯಕ್ಕಾಗಿ ವೇದದ ಒಂದು ಭಾಗವನ್ನೋ ವೇದಾಂಗಗಳನ್ನೋ ಹೇಳಿಕೊಡುವವನೇ ಉಪಾಧ್ಯಾಯನೆಂದು ಅವನ ಲಕ್ಷಣವನ್ನು ಗೊತ್ತುಮಾಡಿದೆ. ಈ ಲಕ್ಷಣವನ್ನು ಇಂದಿನ ಕಾಲಕ್ಕೆ ಅನ್ವಯಿಸಿದರೆ, ಶಾಲೆಗಳಲ್ಲಿ ಸಂಬಳ ಪಡೆದು ಒಂದೊಂದು ವಿಷಯದ ಒಂದೊಂದು ಭಾಗವನ್ನು ಹೇಳಿಕೊಡುವವರೆಲ್ಲರೂ ಉಪಾಧ್ಯಾಯರೇ. ಅದರಲ್ಲಿ ನಾಚಿಕೆಪಡತಕ್ಕದ್ದು ಏನೂ ಇಲ್ಲ. ಹೊಟ್ಟೆಯ ಪಾಡು ಯಾರಿಗೂ ತಪ್ಪಿದ್ದಲ್ಲ. ಆದರೆ ಉಪಾಧ್ಯಾಯನಾಗಿ ನೇಮಕಗೊಂಡವನು ಆಚಾರ್ಯನಾಗುವ ಬಗೆ ಹೇಗೆ? ನೇಮಕದ ಆಜ್ಞಾಪತ್ರದಿಂದ ಅದು ಆಗದು. ಇನ್ನೊಂದು ಪದವಿಯಿಂದ ಆಗುವುದೆ? ಈ ಪ್ರಶ್ನೆಯೇ ಇಲ್ಲಿ ವಿಚಾರಕ್ಕೆ ವಿಷಯ.

ಪ್ರಶ್ನೆಯು ಹೊಸದಲ್ಲ. ಕಾಳಿದಾಸನ ಮಾಲವಿಕಾಗ್ನಿಮಿತ್ರದ ಮೊದಲನೆಯ ಅಂಕದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಹೆಚ್ಚಿನವರೆಂದು ಜಗಳವಾಡುತ್ತ ರಾಜನ ಬಳಿಗೆ ಬರುತ್ತಾರೆ. ನಿರ್ಣಯ ಹೇಳಲು ಕುಳಿತ ಪರಿವ್ರಾಜಿಕೆಯು ಒಂದು ಸೂಕ್ಷ್ಮವನ್ನು ತೋರಿಸುತ್ತಾಳೆ. ಕೆಲವರಲ್ಲಿ ವಿದ್ಯೆಯು ಅವರೊಳಗೇ ಚೆನ್ನಾಗಿ ನೆಲೆಗೊಂಡಿರುತ್ತದೆ. ಬೇರೆ ಕೆಲವರಲ್ಲಿ ಅದನ್ನು ಇನ್ನೊಬ್ಬರಿಗೆ ದಾಟಿಸುವ ಶಕ್ತಿಯು ವಿಶೇಷವಾಗಿರುತ್ತದೆ. ಎರಡೂ ಉಳ್ಳವನಿಗೇ ಶಿಕ್ಷಕರಲ್ಲಿ ಅಗ್ರಸ್ಥಾನವು ಸಲ್ಲಬೇಕು. ಹೀಗೆಂದ ಮೇಲೆ ಆಚಾರ್ಯರಿಬ್ಬರನ್ನೂ ಕುಣಿಸಿ ನೋಡದೆ, ಅವರ ಶಿಷ್ಯೆಯರ ಪ್ರಯೋಗವನ್ನು ನೋಡಬೇಕೆಂಬ ಏರ್ಪಾಡಾಗುತ್ತದೆ. ಶಿಕ್ಷಕನ ಪರೀಕ್ಷೆ ನಡೆಯುವುದು ಶಿಷ್ಯನಲ್ಲಿ ಎಂಬ ತತ್ತ್ವವು ಅಲ್ಲಿ ಅಡಗಿದೆ. ಅಮೆರಿಕ ದೇಶದ ಲೀ ಶುಲ್ಮನ್ ಎಂಬ ವಿದ್ವಾಂಸನು 1986ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ವಿಷಯದ ಜ್ಞಾನ ಒಂದು, ಬೋಧನೆಯ ಸಾಮಾನ್ಯ ವಿಧಾನ ಮತ್ತೊಂದು ಎಂದು ಎರಡನ್ನು ಬಿಡಿಬಿಡಿಯಾಗಿ ಕಲಿಸಿದರೆ ಸಾಲದು, ಇಂಥ ವಿಷಯವನ್ನು ಇಂಥ ಮಕ್ಕಳಿಗೆ ಗ್ರಾಹ್ಯವಾಗುವಂತೆ ಮಾಡುವ ಒಂದು ಮೂರನೆಯ ಜ್ಞಾನ ಉಂಟು, ಅದೇ ಶಿಕ್ಷಕನ ಸ್ವಂತ ವಿದ್ಯೆ ಎಂದು ಪ್ರತಿಪಾದಿಸಿದನು. ಪರಿವ್ರಾಜಿಕೆಯ ಮಾತು ಹೊಸ ವೇಷದಲ್ಲಿ ಬಂದಂತಿದೆ. ಶಿಕ್ಷಣಶಾಸ್ತ್ರದ ಸ್ನಾತಕೋತ್ತರ ಪದವಿಯು, ಎಂದರೆ ಎಂ.ಎಡ್. ಎಂಬುದು, ಈ ಮೂರನೆಯ ಜ್ಞಾನಕ್ಕಾಗಿಯೇ ಇರತಕ್ಕದ್ದು. ಅದು ಹಾಗೆ ಇದೆಯೆ ಎಂಬುದನ್ನು ದೂರದಲ್ಲಿ ನಿಂತು ಹೇಳುವುದಕ್ಕಿಂತ ಒಬ್ಬ ಉಪಾಧ್ಯಾಯಿನಿಯ ವಿಷಯದಲ್ಲಿ ಇಟ್ಟು ನೋಡುವುದು ಮೇಲು.

ಆಕೆಯ ತೌರು ಸೊರಬದ ಸೀಮೆ. ಕೆಲಸ ಶಿಕಾರಿಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ. ಬಿ.ಎ. ತರಗತಿಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಇವನ್ನು ಓದಿ, ಬಿ.ಎಡ್. ಮುಗಿಸಿ, ಸಮಾಜವಿಜ್ಞಾನದ ಉಪಾಧ್ಯಾಯಿನಿಯಾಗಿ ಸೇರಿದವಳು. ಸಮಾಜವಿಜ್ಞಾನವೆಂದರೆ ಕರ್ನಾಟಕದ ಪ್ರೌಢಶಾಲೆಯ ಪಠ್ಯದಲ್ಲಿ ಒಂದು ವಿಷಯವಲ್ಲ, ಆರು: ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ. ಹಿಂದಿನವರಿಗೆ ದರ್ಶನಗಳು ಆರು. ಆದರೆ ಆರನ್ನೂ ಒಬ್ಬನೇ ಪಾಠ ಹೇಳಬೇಕೆಂಬ ನಿರ್ಬಂಧ ಅವರಿಗಿರಲಿಲ್ಲ. ಸಮಾಜದ ಅಧ್ಯಯನವನ್ನೆಲ್ಲ ಒಂದು ಹೊರೆಯಾಗಿ ಕಟ್ಟುವ ಆಲೋಚನೆ ಅಮೆರಿಕದಲ್ಲಿ 1916ರ ಒಂದು ಸಮಿತಿಯ ವರದಿಯಿಂದ ಬಲಗೊಂಡಿತು. ಭಾರತದಲ್ಲಿ 1952–53ರ ಮಾಧ್ಯಮಿಕ ಶಿಕ್ಷಣ ಆಯೋಗವು, ಎಂದರೆ ಮೊದಲಿಯಾರ್ ಆಯೋಗವು, ಅದನ್ನು ಶಿಫಾರಸು ಮಾಡಿತು. ಮನುಷ್ಯನ ಬಾಳು ತುಂಡುತುಂಡಾಗಿಲ್ಲ, ಆದ್ದರಿಂದ ಅದರ ವಿದ್ಯೆಯೂ ತುಂಡಾಗಬಾರದು ಎಂಬುದು ಅದರ ಹಿಂದಿನ ಸದುದ್ದೇಶ. ಫಲವಾದುದು ಮಾತ್ರ ಬೇರೆ. ಇತಿಹಾಸ ಓದಿದವರು ಅಕ್ಷಾಂಶ ರೇಖಾಂಶಗಳ ಮುಂದೆ ತಡವರಿಸುತ್ತಾರೆ. ಅರ್ಥಶಾಸ್ತ್ರ ಓದಿದವರು ಶಾತವಾಹನರ ಪಾಠವನ್ನು ಪುಸ್ತಕದಿಂದ ಓದಿ ಹೇಳಿ ಮುಂದಕ್ಕೆ ಹೋಗುತ್ತಾರೆ. ಹೊರೆಯನ್ನು ಕಟ್ಟಿದ ಹಗ್ಗವೇ ಪಠ್ಯಪುಸ್ತಕವಾಗಿ, ಹಗ್ಗ ಬಿಚ್ಚಿದರೆ ಎಲ್ಲವೂ ಚೆಲ್ಲಿಹೋಗುವುದೆಂಬ ಭಯ ಶಿಕ್ಷಕರಿಗೆ ಉಂಟಾಗಿದೆ.

ಈ ಉಪಾಧ್ಯಾಯಿನಿಯೂ ಆ ಭಯದಲ್ಲಿಯೇ ಕೆಲವು ವರ್ಷ ಪಾಠ ಹೇಳಿದಳು. ಮಕ್ಕಳು ತೇರ್ಗಡೆಯಾಗುತ್ತಿದ್ದರು, ಮೇಲಧಿಕಾರಿಗಳಿಗೆ ಅಸಮಾಧಾನವಿರಲಿಲ್ಲ. ಹೀಗಿರುವಾಗ ಒಂದು ದಿನ ಸ್ವಾತಂತ್ರ್ಯ ಹೋರಾಟದ ಪಾಠದಲ್ಲಿ ಈಸೂರಿನ ಪ್ರಸಂಗ ಬಂದಿತು.

ಈಸೂರು ಶಿಕಾರಿಪುರ ತಾಲ್ಲೂಕಿನ ಹಳ್ಳಿ. 1942ರ ಚಳವಳಿಯ ಕಾಲದಲ್ಲಿ ಆ ಊರಿನವರು ತಾವು ಸ್ವತಂತ್ರರೆಂದು ಸಾರಿ, ವೀರಭದ್ರ ದೇವಾಲಯದ ಮೇಲೆ ಬಾವುಟವನ್ನು ಏರಿಸಿ, ಚಿಕ್ಕ ಹುಡುಗರಿಬ್ಬರನ್ನು ಅಮಲ್ದಾರನೆಂದೂ ಸಬ್‌ಇನ್‌ಸ್ಪೆಕ್ಟರನೆಂದೂ ನೇಮಿಸಿದ ಸಂಗತಿ ಆ ಸೀಮೆಯ ಮನೆಮನೆಗೂ ತಿಳಿದದ್ದು. ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಸರ್ಕಾರದ ನಿಜವಾದ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರರೂ ಸಿಬ್ಬಂದಿಯೊಡನೆ ಊರಿಗೆ ಬಂದಾಗ ಘರ್ಷಣೆಯಾಗಿ ಆ ಇಬ್ಬರು ಅಧಿಕಾರಿಗಳೂ ಮೃತರಾದರು. ಅನಂತರ ಸರ್ಕಾರದ ಪಡೆಗಳು ಊರಿನ ಮೇಲೆ ಬಿದ್ದುವು. ಜನ ಕಾಡು ಸೇರಿದರು. ಸ್ತ್ರೀಯರೂ ಸೆರೆಮನೆಯನ್ನು ಕಂಡರು. 1943ರ ಮಾರ್ಚ್ ತಿಂಗಳಲ್ಲಿ ಐದು ಜನರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಪಠ್ಯಪುಸ್ತಕದಲ್ಲಿ ಇದಕ್ಕೆ ದೊರೆಯುವ ಸ್ಥಳ ಸ್ವಲ್ಪ. ಉಪಾಧ್ಯಾಯಿನಿಯು ಆ ಸ್ವಲ್ಪವನ್ನು ಹೇಳಿ, ಊರವರ ಬಾಯಲ್ಲಿ ಕೇಳಿದ್ದನ್ನು ಕೂಡಿಸಿ, ಉತ್ಸಾಹದಿಂದಲೇ ಪಾಠ ಮುಗಿಸಿದಳು. ಆಗ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು, “ಮೇಡಂ, ಸತ್ತುಹೋದ ಆ ಅಮಲ್ದಾರರ ಮನೆಯವರು ಈ ಕತೇನ ಹೆಂಗೆ ಹೇಳ್ತಿದ್ರು?” ಎಂದು ಕೇಳಿದನು.

ಹುಡುಗನ ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ಈಸೂರಿನ ನಂಟರಿದ್ದ ಮನೆಯ ಹುಡುಗನೇ ಆತ. ಗಲ್ಲಿಗೇರಿದವರ ಬಗ್ಗೆ ಅಭಿಮಾನ ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಉಪಾಧ್ಯಾಯಿನಿಯು “ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ” ಎಂದಳು. ಹುಡುಗನು ಕೂತನು. ತರಗತಿ ಮುಂದುವರಿಯಿತು. ಆದರೆ ಆ ಉತ್ತರವು ಆಕೆಯ ಮನಸ್ಸಿನಲ್ಲಿ ಕೂರಲಿಲ್ಲ. ತನಗೆ ಗೊತ್ತಿಲ್ಲದ್ದು ಯಾವುದು? ಘಟನೆಯೆ? ಅದು ಗೊತ್ತಿತ್ತು. ಪಾಠದ ಕ್ರಮವೆ? ಬಿ.ಎಡ್. ತರಗತಿಯಲ್ಲಿ ಪಾಠಟಿಪ್ಪಣಿ ಬರೆದು ಬರೆದು ಅದೂ ಗೊತ್ತಿತ್ತು. ಗೊತ್ತಿಲ್ಲದ್ದು ಎಂದರೆ, ಒಂದು ಘಟನೆಯನ್ನು ಇಬ್ಬರು ಎರಡು ಬಗೆಯಾಗಿ ಹೇಳುವಾಗ, ಹದಿನೈದು ವರ್ಷದ ಮಕ್ಕಳ ಮುಂದೆ ಅವೆರಡನ್ನೂ ಇಟ್ಟು, ತ್ಯಾಗಕ್ಕೆ ಅಪಚಾರವಾಗದಂತೆಯೂ ಸತ್ಯಕ್ಕೆ ಕುಂದು ಬಾರದಂತೆಯೂ ವಿಚಾರವನ್ನು ನಡೆಯಿಸುವುದು ಹೇಗೆ ಎಂಬುದು. ಶುಲ್ಮನನು ಹೇಳಿದ ಮೂರನೆಯ ಜ್ಞಾನ ಅದೇ. ಆಕೆ ಎಂ.ಎಡ್. ಓದಬೇಕೆಂದು ನಿಶ್ಚಯಿಸಿದ್ದು ಬಡ್ತಿಗಾಗಿ ಅಲ್ಲ, ಈ ಪ್ರಶ್ನೆಗಾಗಿ.

ನಿಶ್ಚಯ ಸುಲಭ, ನಡೆಯಿಸುವುದು ಕಷ್ಟ. 2014ರ ನಿಯಮಾವಳಿಯಿಂದ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ಬಿ.ಎಡ್., ಎಂ.ಎಡ್. ಎರಡನ್ನೂ ಎರಡೆರಡು ವರ್ಷದ ವ್ಯಾಸಂಗವನ್ನಾಗಿ ಮಾಡಿತು. ಎಂ.ಎಡ್. ಪದವಿಗೆ ನಾಲ್ಕು ಅರ್ಧವರ್ಷಗಳ ಪಾಠ, ಶಿಕ್ಷಕರನ್ನು ತಯಾರುಮಾಡುವ ಸಂಸ್ಥೆಯೊಂದರಲ್ಲಿ ಅಭ್ಯಾಸ, ಕೊನೆಗೆ ಒಂದು ಸಂಶೋಧನ ಪ್ರಬಂಧ, ಇಷ್ಟೂ ಸೇರಿದುವು. ಬಿ.ಎಡ್. ಕಾಲೇಜಿನಲ್ಲಿ ಸಮಾಜವಿಜ್ಞಾನದ ಬೋಧನಕ್ರಮವನ್ನು ಕಲಿಸುವ ಅಧ್ಯಾಪಕನಾಗಬೇಕಾದರೆ, ಅದೇ ನಿಯಮಾವಳಿಯಂತೆ, ಸಮಾಜವಿಜ್ಞಾನಗಳಲ್ಲೊಂದರ ಎಂ.ಎ. ಪದವಿಯೂ ಎಂ.ಎಡ್. ಪದವಿಯೂ, ಎರಡರಲ್ಲಿಯೂ ನೂರಕ್ಕೆ 55ರಂತೆ ಅಂಕಗಳೂ ಇರಬೇಕು. ಬಿ.ಎ.ಗೆ ಮೂರು ವರ್ಷ, ಉಳಿದ ಮೂರಕ್ಕೆ ಎರಡೆರಡು ವರ್ಷ; ಒಟ್ಟು ಒಂಬತ್ತು ವರ್ಷ. ಒಂದು ವೇದಕ್ಕೆ ಹನ್ನೆರಡು ವರ್ಷವೆಂದು ಲೆಕ್ಕ ಹಾಕುತ್ತಿದ್ದವರು ಇದನ್ನು ಕೇಳಿ ಬೆರಗಾಗಲಾರರು. ಆದರೆ ಅಂದಿನ ವಟುವಿಗೆ ಮನೆಯ ಸಾಲ, ತಾಯಿಯ ಔಷಧ, ತಮ್ಮನ ಶುಲ್ಕ ಇವುಗಳ ಚಿಂತೆ ಇರಲಿಲ್ಲ.

ದೂರದ ಮಾತೂ ಉಂಟು. ಕುವೆಂಪು ವಿಶ್ವವಿದ್ಯಾಲಯವು 1987ರಲ್ಲಿ ಸ್ಥಾಪಿತವಾದದ್ದು. ಅದರ ನೆಲೆ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟ. ಸೊರಬದಿಂದ ಶಿರಾಳಕೊಪ್ಪ, ಶಿಕಾರಿಪುರ, ಶಿವಮೊಗ್ಗಗಳನ್ನು ದಾಟಿ ಅಲ್ಲಿಗೆ ಹೋಗುವುದೆಂದರೆ ನೂರು ಕಿಲೋಮೀಟರಿಗೆ ಮಿಕ್ಕ ದಾರಿ. 1963ರಲ್ಲಿ ಸ್ಥಾಪಿತವಾಗಿ ಈಗ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೆನ್ನಿಸಿಕೊಂಡಿರುವ ಮೈಸೂರಿನ ವಿದ್ಯಾಲಯವು ಇನ್ನೂ ದೂರ. ಊರಲ್ಲಿದ್ದುಕೊಂಡು ಓದಲಾಗದು, ಊರು ಬಿಟ್ಟರೆ ಸಂಬಳವಿಲ್ಲ.

ಆಕೆಯ ತಂದೆ ಸೊರಬದ ಕಡೆ ಭತ್ತದ ಗದ್ದೆಯನ್ನೂ ತುಸು ಅಡಕೆ ತೋಟವನ್ನೂ ಇಟ್ಟುಕೊಂಡಿರುವ ವ್ಯವಸಾಯಗಾರ. ಮಗಳ ಮಾತನ್ನೆಲ್ಲ ಕೇಳಿ ಅವರು, “ಅಲ್ಲ ಮಗಾ, ಪಾಠ ಹೇಳೋಕೆ ಬರ್ತದೆ ಅಂತ ಸರ್ಕಾರವೇ ಕೆಲಸ ಕೊಟ್ಟಿದೆ. ಮತ್ತೆ ಎರಡು ವರ್ಷ ಪಾಠ ಹೇಳೋದನ್ನೇ ಕಲಿಯೋಕೆ ಹೋಗ್ತೀಯಾ?” ಎಂದರು.

“ಅಪ್ಪಯ್ಯ, ನೀವು ನಲವತ್ತು ವರ್ಷ ಗದ್ದೆ ಮಾಡಿದೀರಿ. ತಮ್ಮನಿಗೆ ನೇಗಿಲು ಹಿಡಿಯೋದು ಕಲಿಸಿದ್ದು ಒಂದೇ ದಿನಕ್ಕಾಯ್ತಾ?” ಎಂದಳು ಮಗಳು.

ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವನು ಇನ್ನೂ ಸರಿಯಾಗಿ ಕಲೀಲಿಲ್ಲ ಬಿಡು” ಎಂದು ನಕ್ಕರು. ಆ ನಗೆಯೇ ಅಪ್ಪಣೆಯಾಯಿತು. ಆಕೆ ರಜೆ ಪಡೆದು ಒಂದು ಕಾಲೇಜನ್ನು ಸೇರಿದಳು.

ಮೊದಲ ಅರ್ಧವರ್ಷವು ನಿರಾಶೆಯಲ್ಲಿ ಕಳೆಯಿತು. ಶಿಕ್ಷಣದ ತತ್ತ್ವಜ್ಞಾನ, ಮನಶ್ಶಾಸ್ತ್ರ, ಸಂಶೋಧನೆಯ ವಿಧಾನ, ಸಂಖ್ಯಾಶಾಸ್ತ್ರ ಇವುಗಳ ಲಕ್ಷಣವಾಕ್ಯಗಳನ್ನು ಬಾಯಿಪಾಠ ಮಾಡುವ ಕೆಲಸವೇ ಬಹಳ. ಬಾಯಿಪಾಠ ಮಾಡಿಸಬಾರದೆಂಬ ತತ್ತ್ವವನ್ನೂ ಬಾಯಿಪಾಠ ಮಾಡಿಯೇ ಬರೆಯಬೇಕಾಗಿತ್ತು. ಪಾಠಶಾಲೆಗಳಲ್ಲಿ ಅಮರಕೋಶವನ್ನು ಕಂಠಸ್ಥ ಮಾಡಿದವರನ್ನು ಹಾಸ್ಯಮಾಡುವ ಹೊಸಬರು ಈ ಸಂಗತಿಯನ್ನು ಗಮನಿಸಬೇಕು. ಕಂಠಸ್ಥವಾದ ಅಮರಕೋಶವು ಕಾವ್ಯದ ಬಾಗಿಲನ್ನು ತೆರೆಯುತ್ತಿತ್ತು. ಕಂಠಸ್ಥವಾದ ಲಕ್ಷಣವಾಕ್ಯಕ್ಕೆ ಪರೀಕ್ಷೆಯ ಬಾಗಿಲಿನ ಹೊರತು ಬೇರೆ ಬಾಗಿಲು ಗೊತ್ತಿಲ್ಲ.

ಆದರೂ ಆಕೆಗೆ ಬೇಕಾದದ್ದು ಪುಸ್ತಕಭಂಡಾರದಲ್ಲಿ ಸಿಕ್ಕಿತು. ಸ್ಯಾಮ್ ವೈನ್‌ಬರ್ಗ್ ಎಂಬ ಅಮೆರಿಕದ ವಿದ್ವಾಂಸನು 1991ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಆಕೆಯ ಕೈಗೆ ಬಂದಿತು. ಅವನು 8 ಜನ ಇತಿಹಾಸಕಾರರ ಮುಂದೆಯೂ 8 ಜನ ಪ್ರೌಢಶಾಲೆಯ ಜಾಣ ವಿದ್ಯಾರ್ಥಿಗಳ ಮುಂದೆಯೂ 1775ರ ಲೆಕ್ಸಿಂಗ್ಟನ್ ಕದನದ ಬಗ್ಗೆ ಬೇರೆ ಬೇರೆಯವರು ಬರೆದ ಬರೆಹಗಳನ್ನು ಇಟ್ಟು, ಓದುವಾಗ ಮನಸ್ಸಿಗೆ ಬಂದುದನ್ನೆಲ್ಲ ಬಾಯಿಬಿಟ್ಟು ಹೇಳಿರೆಂದು ಕೇಳಿದನು. ವಿದ್ಯಾರ್ಥಿಗಳಿಗೆ ಸಂಗತಿಗಳು ಗೊತ್ತಿರಲಿಲ್ಲವೆಂದಲ್ಲ. ಆದರೆ ಅವರು ಎಲ್ಲ ಬರೆಹಗಳನ್ನೂ ಪಠ್ಯಪುಸ್ತಕವನ್ನು ಓದಿದಂತೆ ಓದಿದರು. ಇತಿಹಾಸಕಾರರಾದರೋ ಮೊದಲು ಬರೆದವನಾರೆಂದು ನೋಡಿದರು. ಒಂದು ಬರೆಹವನ್ನು ಮತ್ತೊಂದರೊಡನೆ ಹೋಲಿಸಿದರು. ಪ್ರತಿಯೊಂದನ್ನೂ ಅದು ಹುಟ್ಟಿದ ಕಾಲದೇಶಗಳಲ್ಲಿ ಇಟ್ಟು ತೂಗಿದರು. ಹಿಂದಿನ ಸಾಲಿನ ಹುಡುಗನು ಕೇಳಿದ್ದು ಇದನ್ನೇ ಅಲ್ಲವೆ? ಇತಿಹಾಸಕಾರನು ಕೇಳುವ ಪ್ರಶ್ನೆಯನ್ನು ಯಾರೂ ಹೇಳಿಕೊಡದೆ ಅವನು ಕೇಳಿದ್ದನು. ಅವನನ್ನು ಕೂರಿಸಿದ್ದು ಶಾಲೆ.

ಮೀಮಾಂಸೆಯನ್ನು ಸ್ವಲ್ಪವಾದರೂ ಬಲ್ಲವರಿಗೆ ಈ ವಿಚಾರವು ಅಪರಿಚಿತವೆಂದು ತೋರಲಾರದು. ವಾಕ್ಯದ ತಾತ್ಪರ್ಯವನ್ನು ನಿರ್ಣಯಿಸಲು ಉಪಕ್ರಮ ಉಪಸಂಹಾರಗಳನ್ನು ನೋಡಬೇಕು, ಯಾವುದನ್ನು ಮತ್ತೆ ಮತ್ತೆ ಹೇಳಿದೆ ಎಂಬುದನ್ನು ನೋಡಬೇಕು, ಹೊಗಳಿಕೆಯಾದ ಅರ್ಥವಾದವನ್ನು ವಿಧಿಯಿಂದ ಬೇರ್ಪಡಿಸಬೇಕು ಎಂದು ಆ ಶಾಸ್ತ್ರವು ಶಿಷ್ಯನನ್ನು ತಿದ್ದುತ್ತದೆ. ಶಾಸನದ ಪ್ರಶಸ್ತಿಭಾಗವೆಂಬುದು ಅರ್ಥವಾದವಲ್ಲದೆ ಮತ್ತೇನು? ಅದನ್ನು ಸುಳ್ಳೆಂದು ಬಿಸಾಡಲೂ ಬಾರದು, ದಾನದ ವಿವರದಷ್ಟೇ ನಿಜವೆಂದು ನಂಬಲೂ ಬಾರದು.

ಶಾಸನದ ಮಾತು ಬಂದಮೇಲೆ ಈ ಎರಡು ತಾಲ್ಲೂಕುಗಳ ಭಾಗ್ಯವನ್ನು ಹೇಳಲೇಬೇಕು. ಬಿ. ಎಲ್. ರೈಸ್ ಸಾಹೇಬರು ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದಲ್ಲಿ ಶಿಕಾರಿಪುರದ ಶಾಸನಗಳು 1902ರ ಏಳನೆಯ ಸಂಪುಟದಲ್ಲಿಯೂ ಸೊರಬದವು 1904ರ ಎಂಟನೆಯ ಸಂಪುಟದಲ್ಲಿಯೂ ಅಚ್ಚಾದುವು. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದಲ್ಲಿ, ಐದನೆಯ ಶತಮಾನದಲ್ಲಿ ಕುಬ್ಜನೆಂಬ ಕವಿಯು ರಚಿಸಿದ ಸಂಸ್ಕೃತ ಶಾಸನವಿದೆ. ಮಯೂರಶರ್ಮನು ಗುರುವಾದ ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಉನ್ನತ ವ್ಯಾಸಂಗಕ್ಕಾಗಿ ಹೋದದ್ದನ್ನೂ, ಅಲ್ಲಿ ಪಲ್ಲವರ ಕುದುರೆಯ ಸವಾರನೊಡನೆ ಜಗಳವಾಗಿ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದನ್ನೂ ಅದು ಹೇಳುತ್ತದೆ. ಶಿಕಾರಿಪುರದ ಸೀಮೆಯಿಂದ ಮೇಲಣ ಓದಿಗಾಗಿ ದೂರದೇಶಕ್ಕೆ ಹೊರಟವರಲ್ಲಿ ಹೆಸರು ಉಳಿದಿರುವ ಮೊದಲಿಗನು ಪದವಿ ಮುಗಿಸದೆ ರಾಜ್ಯವನ್ನು ಕಟ್ಟಿದನೆಂಬುದು ಕೇಳಲು ಸೊಗಸು. ಆದರೆ ಆ ಶಾಸನವನ್ನು ಬರೆಯಿಸಿದವರು ಮಯೂರನ ವಂಶದವರೇ. ಕಂಚಿಯ ಸವಾರನು ಅದನ್ನೇ ಬರೆಯಿಸಿದ್ದರೆ ಹೇಗೆ ಬರೆಯಿಸುತ್ತಿದ್ದನು? ಈಸೂರಿನ ಹುಡುಗನ ಪ್ರಶ್ನೆಯೇ ಇಲ್ಲಿಯೂ ಬಂದಿತು. ಇಲ್ಲಿ ಅದನ್ನು ಕೇಳುವುದು ಸುಲಭ. ಹದಿನೈದು ಶತಮಾನಗಳಿಗೂ ಹಿಂದಿನ ಜಗಳದಲ್ಲಿ ಯಾರ ಮನಸ್ಸೂ ನೋಯುವುದಿಲ್ಲ. ಮೊದಲು ಇಲ್ಲಿ ಕೇಳಲು ಕಲಿತ ಮಕ್ಕಳು ಆಮೇಲೆ ಈಸೂರಿನಲ್ಲಿ ಕೇಳಬಲ್ಲರು ಎಂಬ ಉಪಾಯವು ಆಕೆಗೆ ಹೊಳೆದದ್ದು ಹೀಗೆ.

ಬಳ್ಳಿಗಾವೆಯ ಕೇದಾರೇಶ್ವರಕ್ಕೆ ಸೇರಿದ ಕೋಡಿಯಮಠದ 1162ರ ಶಾಸನವು ಇನ್ನೊಂದು ಪಾಠ. ಅಲ್ಲಿ ನಾಲ್ಕು ವೇದಗಳೂ ಅಂಗಗಳೂ ನಡೆಯುತ್ತಿದ್ದುವು; ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳಿದ್ದುವು; ದರ್ಶನಗಳು, ಲಾಕುಲ ಸಿದ್ಧಾಂತ, ಪಾತಂಜಲ ಯೋಗ, ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕಗಳಿದ್ದುವು. ದೀನರಿಗೂ ಕುರುಡರಿಗೂ ಕುಂಟರಿಗೂ ಕಿವುಡರಿಗೂ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು, ಹೆದರಿ ಬಂದವರಿಗೆ ಅಭಯವಿತ್ತು. ಇದನ್ನು ಓದಿ ಎದೆಯುಬ್ಬಿಸಿಕೊಳ್ಳುವುದು ಸಹಜ, ತಪ್ಪೂ ಅಲ್ಲ. ಆದರೆ ಅನ್ನ ಯಾರಿಗೆ ಎಂಬುದನ್ನು ಶಾಸನವು ಹೇಳಿದಷ್ಟು ಬಿಚ್ಚಿ, ಅಕ್ಷರ ಯಾರಿಗೆ ಎಂಬುದನ್ನು ಹೇಳಿದೆಯೆ? ಮಠದ ಗದ್ದೆಯನ್ನು ಉತ್ತವನ ಮಗನು ಪಾಣಿನೀಯದ ಪಾಠಕ್ಕೆ ಕೂರಬಹುದಾಗಿತ್ತೆ? ಸಮಾಜವಿಜ್ಞಾನದ ಶಿಕ್ಷಕನು ಈ ಪ್ರಶ್ನೆಯನ್ನು ಮಕ್ಕಳ ಬಾಯಿಂದ ಹೊರಡಿಸದಿದ್ದರೆ ಅವನು ಹೇಳುವುದು ಇತಿಹಾಸವಲ್ಲ, ಹೊಗಳುಭಟ್ಟರ ಪಾಠ.

ಹಾಗೆಂದು ಶಾಸನಗಳು ನುಡಿಯದೆ ಇರುವವರೇ ಎಲ್ಲರೂ ಅಲ್ಲ. ಬಂದಳಿಕೆಯ ಶಾಸನವೊಂದು ಹತ್ತನೆಯ ಶತಮಾನದ ಆರಂಭದ ಜಕ್ಕಿಯಬ್ಬೆಯನ್ನು ನೆನೆಯುತ್ತದೆ. ಗಂಡನು ಮಡಿದ ಮೇಲೆ ನಾಗರಖಂಡ ಎಪ್ಪತ್ತರ ಆಡಳಿತ ಆಕೆಗೆ ಬಂದಿತು. ಆಕೆ ಅದನ್ನು ಸಮರ್ಥವಾಗಿ ನಡೆಸಿ, ಕೊನೆಗೆ ರೋಗ ಬಂದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಜೈನ ವ್ರತದಿಂದ ದೇಹ ಬಿಟ್ಟಳು. ಸ್ಥಳೀಯ ಆಡಳಿತದಲ್ಲಿ ಸ್ತ್ರೀಯರಿಗೆ ಮೀಸಲಾತಿ ಎಂಬ ರಾಜ್ಯಶಾಸ್ತ್ರದ ಪಾಠವನ್ನು ಹೇಳುವಾಗ ಈ ಕಲ್ಲನ್ನು ತೋರಿಸುವುದಕ್ಕೆ ಪಠ್ಯಪುಸ್ತಕದ ಅಪ್ಪಣೆ ಬೇಕಾಗಿಲ್ಲ. ಆರು ಭಾಗಗಳನ್ನು ಕಟ್ಟಲು ಹಗ್ಗವಿಲ್ಲವೆಂದು ಅಂಜುತ್ತಿದ್ದವಳಿಗೆ, ತಾನು ನಿಂತ ನೆಲವೇ ಹಗ್ಗವೆಂಬುದು ಕಂಡಿತು. ವರದೆಯೂ ಕುಮುದ್ವತಿಯೂ ಅಂಜನಾಪುರದ ಕಟ್ಟೆಯೂ ಭೂಗೋಳ. ತಂದೆಯ ಪೆಟ್ಟಿಗೆಯಲ್ಲಿರುವ ಪಹಣಿಯು ಅರ್ಥಶಾಸ್ತ್ರ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಂತೆ ಏಳನೆಯ ನಮೂನೆಯ ಅರ್ಜಿಯನ್ನು ಹಾಕಿ, ಭೂನ್ಯಾಯಮಂಡಳಿಯ ಮುಂದೆ ನಿಂತು ಗೇಣಿಯ ನೆಲವನ್ನು ಸ್ವಂತ ಮಾಡಿಕೊಂಡ ಅಜ್ಜಂದಿರೂ, ನೆಲ ಕಳೆದುಕೊಂಡ ಮನೆಗಳ ಅಜ್ಜಂದಿರೂ ಒಂದೇ ಊರಿನಲ್ಲಿ ಇನ್ನೂ ಸಿಕ್ಕುತ್ತಾರೆ. ಅವರ ಮೊಮ್ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಸೊರಬದಿಂದ ಎಸ್. ಬಂಗಾರಪ್ಪನವರೂ ಶಿಕಾರಿಪುರದಿಂದ ಬಿ. ಎಸ್. ಯಡಿಯೂರಪ್ಪನವರೂ ರಾಜ್ಯದ ಮುಖ್ಯಮಂತ್ರಿಗಳಾದರೆಂಬುದು ಪ್ರತಿಯೊಂದು ಮಗುವಿಗೂ ಗೊತ್ತು. ಮುಖ್ಯಮಂತ್ರಿಯು ಶಾಸನಸಭೆಗೆ ಏಕೆ ಉತ್ತರ ಹೇಳಬೇಕೆಂಬುದು ಗೊತ್ತಿಲ್ಲ. ಸೊರಬದ ಚಂದ್ರಗುತ್ತಿಯ ಜಾತ್ರೆಯಲ್ಲಿ ನಡೆಯುತ್ತಿದ್ದ ಬೆತ್ತಲೆಸೇವೆಯು 1986ರಲ್ಲಿ ಘರ್ಷಣೆಗೆ ಕಾರಣವಾಗಿ, ಅನಂತರ ನಿಷೇಧಕ್ಕೆ ಒಳಗಾಯಿತು. ಭಕ್ತಿ, ಮಾನ, ಕಾನೂನು ಇವು ಒಂದಕ್ಕೊಂದು ಎದುರಾದಾಗ ಸಮಾಜವು ಹೇಗೆ ನಿರ್ಧರಿಸಬೇಕು ಎಂಬುದಕ್ಕಿಂತ ದೊಡ್ಡ ಸಮಾಜಶಾಸ್ತ್ರ ಯಾವುದಿದೆ? ಇವೆಲ್ಲವೂ ಕೈಯಳತೆಯಲ್ಲಿವೆ, ಕೈ ಚಾಚುವ ಧೈರ್ಯ ಮಾತ್ರ ಬೇಕು. ಆ ಧೈರ್ಯವೆಂಬುದು ವಿಧಾನವನ್ನು ಬಲ್ಲವನಿಗೆ ಬರುತ್ತದೆ.

ಪ್ರಬಂಧದ ವಿಷಯವನ್ನು ಆರಿಸುವ ಕಾಲ ಬಂದಾಗ ಪರೀಕ್ಷೆ ಎದುರಾಯಿತು. ಇಂಥ ತಾಲ್ಲೂಕಿನ ವಿದ್ಯಾರ್ಥಿಗಳಿಗೆ ಸಮಾಜವಿಜ್ಞಾನದ ವಿಷಯದಲ್ಲಿರುವ ಮನೋಭಾವಕ್ಕೂ ಅವರ ಅಂಕಗಳಿಗೂ ಇರುವ ಸಂಬಂಧವೇನು, ಹುಡುಗರಿಗೂ ಹುಡುಗಿಯರಿಗೂ ಅಂತರವೇನು, ಪೇಟೆಗೂ ಹಳ್ಳಿಗೂ ಅಂತರವೇನು ಎಂಬ ಬಗೆಯ ಪ್ರಬಂಧಗಳಿಗೆ ದಾರಿ ಸವೆದಿದೆ. ಪ್ರಶ್ನಾವಳಿಯನ್ನು ಹಂಚಬೇಕು, ಗುರುತು ಹಾಕಿಸಬೇಕು, ಕೂಡಿ ಭಾಗಿಸಬೇಕು. ಅಂತರವಿದೆ ಅಥವಾ ಇಲ್ಲ ಎಂದು ಬರೆಯಬೇಕು. ರಟ್ಟು ಹಾಕಿಸಿ ಬೀರುವಿನಲ್ಲಿ ಇಡಬೇಕು. ಅಂಕಿಗಳ ವಿದ್ಯೆಯು ಹೀನವಲ್ಲ. ಸರಿಯಾದ ಪ್ರಶ್ನೆಗೆ ಅಂಕಿಯೇ ಉತ್ತರವಾಗಬಹುದು. ಆದರೆ ಪ್ರಶ್ನೆಯು ಶಿಕ್ಷಕನ ಎದೆಯಲ್ಲಿ ಹುಟ್ಟದೆ ಹಿಂದಿನ ವರ್ಷದ ಪ್ರಬಂಧದಲ್ಲಿ ಹುಟ್ಟ ಹತ್ತಿದಾಗ ಅಂಕಿಗಳು ಏನು ಮಾಡಿಯಾವು? ತಾಳಗುಂದ, ಈಸೂರುಗಳ ಮೂಲಗಳನ್ನು ಒಂಬತ್ತನೆಯ ತರಗತಿಯ ಮಕ್ಕಳು ಹೇಗೆ ಓದುತ್ತಾರೆ ಎಂಬುದನ್ನೇ ವಿಷಯವಾಗಿ ಆಕೆ ಕೇಳಿದಾಗ, ಅದನ್ನು ಅಳೆಯುವುದು ಹೇಗೆ, ಒಂದು ಊರಿನ ಕಲ್ಲಿನಿಂದ ಲೋಕಕ್ಕೆ ಏನಾಗಬೇಕು, ಕಾಲಕ್ಕೆ ಸರಿಯಾಗಿ ಮುಗಿದೀತೆ ಎಂಬ ಆಕ್ಷೇಪಣೆಗಳು ಬಂದುವು. ಮಿತ್ರರು ಸುಲಭದ ದಾರಿಯನ್ನೇ ಹಿಡಿಯೆಂದರು. ರಜೆಯ ಗಡುವು, ಮನೆಯ ಖರ್ಚು ಎರಡೂ ಅದನ್ನೇ ಹೇಳುತ್ತಿದ್ದುವು. ಆಕೆ ತನ್ನ ಹುಡುಗನ ಪ್ರಶ್ನೆಯನ್ನೇ ಮಾರ್ಗದರ್ಶಕರ ಮುಂದೆ ಇಟ್ಟಳು. ಅವರು ಬಹಳ ಹೊತ್ತು ಯೋಚಿಸಿ, ಒಪ್ಪಿಗೆ ಕೊಟ್ಟರು. ಗುರುವಿಗೂ ಒಳ್ಳೆಯ ಪ್ರಶ್ನೆಯೊಂದು ಬಂದರೆ ಗುರುತ್ವವು ಮರಳಿ ಬರುತ್ತದೆ.

ಆಕೆ ಮಕ್ಕಳಿಗೆ ಮೊದಲು ಕಂಬದ ಶಾಸನದ ಕನ್ನಡ ಸಾರಾಂಶವನ್ನು ಕೊಟ್ಟು, ಇದನ್ನು ಹೇಳುತ್ತಿರುವವರು ಯಾರು, ಯಾರಿಗಾಗಿ, ಘಟನೆಯಾಗಿ ಎಷ್ಟು ಕಾಲದ ಮೇಲೆ ಎಂದು ಕೇಳಿದಳು. ಮೊದಮೊದಲು ಮಕ್ಕಳು “ಉತ್ತರ ಯಾವ ಪುಟದಲ್ಲಿದೆ?” ಎಂದೇ ಕೇಳುತ್ತಿದ್ದರು. ವಾರಗಳು ಕಳೆದ ಮೇಲೆ ತಮ್ಮ ತಮ್ಮಲ್ಲೇ ವಾದಿಸತೊಡಗಿದರು. ಆಮೇಲೆ ಈಸೂರು. ಹಳ್ಳಿಯ ಹಿರಿಯರ ನೆನಪೊಂದು ಕಡೆ, ಅಚ್ಚಾದ ಬರೆಹವೊಂದು ಕಡೆ. ಸರ್ಕಾರದ ಸೇವೆಯಲ್ಲಿ ಸತ್ತವನಿಗೂ ಕಾದು ಕುಳಿತ ಮನೆಯೊಂದು ಇದ್ದೀತೆಂದು ಮಕ್ಕಳು ತಾವಾಗಿಯೇ ಹೇಳಿದರು. ಹಾಗೆ ಹೇಳಿದುದರಿಂದ ಗಲ್ಲಿಗೇರಿದ ಐವರ ಮೇಲಣ ಗೌರವವು ಅವರಲ್ಲಿ ಕಡಮೆಯಾಗಲಿಲ್ಲ. ಎರಡು ಕಡೆಯ ಸಾವುಗಳ ಭಾರವನ್ನು ಅರಿತ ಮೇಲೆ, ಆ ಊರಿನವರು ಸ್ವಾತಂತ್ರ್ಯಕ್ಕೆ ತೆತ್ತ ಬೆಲೆ ಎಷ್ಟೆಂಬುದು ಅವರಿಗೆ ಮೊದಲಿಗಿಂತ ಚೆನ್ನಾಗಿ ತಿಳಿಯಿತು. ಎಲ್ಲ ಮಕ್ಕಳೂ ಹೀಗಾದರೆಂದಲ್ಲ. ಕೆಲವರು ಕೊನೆಯವರೆಗೂ ಪುಟದ ಸಂಖ್ಯೆಯನ್ನೇ ಕೇಳುತ್ತಿದ್ದರು. ಪ್ರಬಂಧದಲ್ಲಿ ಅದನ್ನೂ ಬರೆದಳು.

ಪದವಿ ಬಂದಿತು. ಆಕೆ ಹಳೆಯ ಶಾಲೆಗೇ ಮರಳಿದಳು. ಎಂ.ಎ. ಕೂಡ ಮುಗಿಸಿ ಬಿ.ಎಡ್. ಕಾಲೇಜಿನ ಅಧ್ಯಾಪಕಿಯಾಗಬೇಕೆಂದು ಹೇಳುವವರಿದ್ದಾರೆ. ಮುಂದೆ ಆದರೂ ಆಗಬಹುದು. ಆದರೆ ಪ್ರಶ್ನೆ ಕೇಳಿದ್ದ ಹುಡುಗನು ಅಷ್ಟರಲ್ಲಿ ಶಾಲೆ ಬಿಟ್ಟು ಹೋಗಿದ್ದನು. ಅವನಿಗೆ ಸಲ್ಲಬೇಕಾಗಿದ್ದ ಉತ್ತರವು ಅವನಿಗೆ ಸಿಕ್ಕಲಿಲ್ಲ. ಅವನ ಹಿಂದೆ ಬಂದವರಿಗೆ ಸಿಕ್ಕಿತು. ಶಿಕ್ಷಕರ ಶಿಕ್ಷಣದಲ್ಲಿರುವ ನಷ್ಟವೂ ಲಾಭವೂ ಇಷ್ಟೇ: ಅದು ಯಾವಾಗಲೂ ಒಂದು ತಲೆಮಾರು ತಡವಾಗಿ ಫಲ ಕೊಡುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು, 2030ರ ವೇಳೆಗೆ ನಾಲ್ಕು ವರ್ಷದ ಸಮಗ್ರ ಪದವಿಯೇ ಶಿಕ್ಷಕನಿಗೆ ಕನಿಷ್ಠ ಅರ್ಹತೆಯಾಗಬೇಕೆಂದು ಹೇಳಿದೆ. ಪದವಿಗಳ ಹೆಸರು, ವರ್ಷಗಳ ಲೆಕ್ಕ ಹಿಂದೆಯೂ ಬದಲಾದುವು, ಮುಂದೆಯೂ ಬದಲಾದಾವು. ಅವುಗಳಿಂದ ಆಗತಕ್ಕ ಕೆಲಸ ಬದಲಾಗದು. ಈ ಎರಡು ತಾಲ್ಲೂಕುಗಳಿಂದ ವರ್ಷ ವರ್ಷವೂ ಯುವಕ ಯುವತಿಯರು ಎಂ.ಎಡ್. ಓದಲು ಹೊರಡುತ್ತಾರೆ. ಅವರಲ್ಲಿ ಒಬ್ಬೊಬ್ಬರೂ ಒಂದು ಹಳ್ಳಿ, ಒಂದು ಮೂಲ, ಒಂದು ತರಗತಿ ಇಷ್ಟನ್ನೇ ಹಿಡಿದು, ಮಕ್ಕಳು ಅದನ್ನು ಹೇಗೆ ಓದಿದರೆಂದು ನಿಷ್ಠೆಯಿಂದ ಬರೆದಿಟ್ಟರೆ, ಹತ್ತು ವರ್ಷಗಳಲ್ಲಿ ಶಿಕಾರಿಪುರ ಸೊರಬಗಳ ಶಾಲೆಗಳಿಗೆ ಬೇರೆಲ್ಲಿಯೂ ಕೊಳ್ಳಲು ಸಿಕ್ಕದ ಒಂದು ಗ್ರಂಥಸಮೂಹವಾಗುವುದು. ಆ ಪ್ರಬಂಧಗಳು ಕಾಲೇಜಿನ ಬೀರುವಿನಲ್ಲಿ ಮಾತ್ರ ಉಳಿಯದೆ, ಒಂದೊಂದು ಪ್ರತಿಯಾದರೂ ಆಯಾ ಊರಿನ ಶಾಲೆಯಲ್ಲಿರಬೇಕು. ಅಂಥ ಶಾಲೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬನು ಎದ್ದು ನಿಂತಾಗ ಅವನಿಗೆ ಕೂರೆಂದು ಹೇಳುವ ಅವಸರ ಯಾರಿಗೂ ಇರಲಾರದು.